ನನ್ನ ಡೀಸೆಲ್ ಸ್ವಿಫ್ಟನ್ನು 36 ಮಿಲಿಮೀಟರ್ ಇಳಿಸಿದ ಕತೆ

ಕಾರಿನ ಎತ್ತರ ಯಾಕೆ ಇಳಿಸಿದೆ ಎಂದು ಯಾರಾದರೂ ಕೇಳಿದರೆ 'ಹ್ಯಾಂಡ್ಲಿಂಗ್‌ಗೆ' ಎನ್ನುತ್ತೇನೆ. ಅದು ಅರ್ಧ ನಿಜ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಸಂದು ಇತ್ತು. ಪ್ರತಿ ಭಾನುವಾರ ಕಾರು ತೊಳೆಯುವಾಗ ಅದೇ ಕಣ್ಣಿಗೆ ಚುಚ್ಚುತ್ತಿತ್ತು. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಗಾಡಿ ವಾಲುವುದು ಎರಡನೇ ಕಾರಣ. ಮನೆಯಲ್ಲಿ ಹೇಳಿದ್ದು ಮಾತ್ರ ಎರಡನೆಯದನ್ನೇ.

ಗಾಡಿ 2013ರ ಡೀಸೆಲ್ ಮಾರುತಿ ಸ್ವಿಫ್ಟ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆಗಲೇ 78,000 ಕಿಲೋಮೀಟರ್ ಓಡಿತ್ತು. ಮೈಸೂರಿನಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿನಲ್ಲಿ ವಿಷಯ ಎತ್ತಿದಾಗ ಮೆಕ್ಯಾನಿಕ್ ನಕ್ಕರು. "ಇದಕ್ಕೆಲ್ಲಾ ಯಾಕೆ ಸಾರ್ ತಲೆ ಕೆಡಿಸ್ಕೊಳ್ತೀರಾ? ಒಂದೂವರೆ ಸುತ್ತು ಸ್ಪ್ರಿಂಗ್ ಕಟ್ ಮಾಡಿದ್ರೆ ಸಾಕು. ಸಂಜೆಗೆ ಗಾಡಿ ಕೊಡ್ತೀನಿ."

ಅದಕ್ಕೆ ನಾನು ಒಪ್ಪಲಿಲ್ಲ. ಗೆಳೆಯನೊಬ್ಬನ ಕಾರಿನಲ್ಲಿ ಹಾಗೆ ಕತ್ತರಿಸಿದ್ದನ್ನು ನೋಡಿದ್ದೆ. ಪಂಕ್ಚರ್ ಆದಾಗ ಹಿಂದೆ ಜಾಕಿ ಕೊಟ್ಟು ಎತ್ತಿದರೆ ಸ್ಪ್ರಿಂಗ್ ತನ್ನ ಜಾಗದಲ್ಲಿ ಲೊಡಲೊಡ ಅಲ್ಲಾಡುತ್ತಿತ್ತು, ಕೈಯಲ್ಲಿ ತಿರುಗಿಸಬಹುದಿತ್ತು. ಸ್ಪ್ರಿಂಗ್ ಗಿಡ್ಡವಾಗಿದೆ, ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ ಇದೆ. ಉಬ್ಬು ಹಾರಿಸಿದಾಗ ಚಕ್ರ ಕೆಳಕ್ಕೆ ಜೋತು ಬಿದ್ದರೆ ಸ್ಪ್ರಿಂಗನ್ನು ಒತ್ತಿ ಹಿಡಿಯುವುದು ಏನೂ ಇಲ್ಲ. ಅದು ವಾಪಸ್ ಸರಿಯಾಗಿ ಕೂರುತ್ತದೆ ಅನ್ನುವುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಗ್ಯಾಸ್ ಕಟರ್ ಇಟ್ಟರಂತೂ ಬಿಸಿಗೆ ಉಕ್ಕಿನ ಹದವೇ ಕೆಡುತ್ತದೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದಕ್ಕೇ ನಾನು ಚಾಸಿಗೆ, ಟೈರ್ ಸೈಜಿಗೆ ಕೈ ಹಾಕಲಿಲ್ಲ. ಏನು ಮಾಡಿದರೂ ಒಂದು ದಿನದಲ್ಲಿ ಬಿಚ್ಚಿ ಹಳೆಯದನ್ನೇ ಹಾಕುವಂತಿರಬೇಕು ಎಂದು ಇಟ್ಟುಕೊಂಡೆ. ಇನ್ಶೂರೆನ್ಸ್‌ನವರಿಗೆ ಮೇಲ್ ಹಾಕಿ ತಿಳಿಸಿದೆ. ಕ್ಲೇಮ್ ಹೊತ್ತಿನಲ್ಲಿ ಜಗಳ ಆಡುವುದಕ್ಕಿಂತ ಇದು ವಾಸಿ.

ಇನ್ನು ಅಳತೆ. ಹೆಚ್ಚಿನವರು ನೆಲದಿಂದ ಮಡ್‌ಗಾರ್ಡಿಗೆ ಟೇಪ್ ಹಿಡಿಯುತ್ತಾರೆ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಆ ಲೆಕ್ಕ ತಪ್ಪುತ್ತದೆ. ಚಕ್ರದ ಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿಗೆ ಅಳೆಯಬೇಕು. ನನ್ನದು ಮುಂದೆ 388 ಮಿಮೀ, ಹಿಂದೆ 392. ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಮುಂದಿನ ಶಾಕ್‌ನ ಧೂಳು ತಡೆಯುವ ರಬ್ಬರ್ ತೋಳನ್ನು ಮೇಲೆ ಸರಿಸಿದರೆ ಹೊಳೆಯುವ ರಾಡ್ ಕಾಣುತ್ತದೆ. ಅದರ ಮೇಲ್ತುದಿಯಲ್ಲಿ ಶಾಕ್ ಪೂರ್ತಿ ಒತ್ತಿಕೊಂಡಾಗ ಏಟು ತಡೆಯುವ ರಬ್ಬರ್ ತುಂಡು ಇರುತ್ತದೆ, ಅದೇ ಬಂಪ್ ಸ್ಟಾಪ್. ಗಾಡಿ ನೆಲದ ಮೇಲೆ ನಿಂತಾಗ, ಬಂಪ್ ಸ್ಟಾಪ್‌ನ ತುದಿಯಿಂದ ಶಾಕ್‌ನ ತಲೆಯವರೆಗೆ ಎಷ್ಟು ರಾಡ್ ಇದೆಯೋ, ಚಕ್ರಕ್ಕೆ ಸಲೀಸಾಗಿ ಮೇಲೆ ಹೋಗಲು ಅಷ್ಟೇ ಜಾಗ. ನನ್ನ ಗಾಡಿಯಲ್ಲಿ ಅದು 69 ಮಿಮೀ ಇತ್ತು. ಗಾಡಿ ಎಷ್ಟು ಇಳಿಯುತ್ತದೋ ಅಷ್ಟು ಈ 69ರಿಂದಲೇ ಕಳೆಯಬೇಕು. ಬೇರೆಲ್ಲಿಂದಲೂ ಬರುವುದಿಲ್ಲ. ಮೊದಲ ಸಲ ನಾನು ಈ ಲೆಕ್ಕ ಹಾಕಿಯೇ ಇರಲಿಲ್ಲ.

ಮೊದಲ ಸಲ ಆದದ್ದು ಇಷ್ಟು. ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ 'ಸ್ವಿಫ್ಟಿಗೆ 35 ಮಿಮೀ ಲೋವರಿಂಗ್ ಸ್ಪ್ರಿಂಗ್' ಎಂದು ಕೇಳಿ ತಂದೆ. ಹಾಕಿಸಿ ಇಳಿಸಿ ನೋಡಿದರೆ ಮುಂದೆ 331! 35 ಅಲ್ಲ, 57 ಮಿಮೀ ಇಳಿದಿತ್ತು. ನೋಡಲು ಸಕತ್ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಪ್ರತಿ ಗುಂಡಿಯಲ್ಲೂ 'ಧಡ್' ಎಂದು ಎದೆಗೆ ಒದ್ದ ಹಾಗೆ. ರಾಡ್‌ಗೆ ಒಂದು ಕೇಬಲ್ ಟೈ ಬಿಗಿದು, ಶಾಕ್‌ನ ತಲೆಗೆ ತಾಗುವ ಹಾಗೆ ಕೆಳಗೆ ತಳ್ಳಿ, ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಟೈ ಹೋಗಿ ಬಂಪ್ ಸ್ಟಾಪಿಗೆ ಅಂಟಿಕೊಂಡಿತ್ತು. ಗಾಡಿ ನಿಂತಾಗಲೇ ಉಳಿದ ಜಾಗ 12 ಮಿಮೀ ಮಾತ್ರ. ಅಂದರೆ ನಾನು ಸ್ಪ್ರಿಂಗ್ ಮೇಲೆ ಓಡಿಸುತ್ತಿರಲಿಲ್ಲ, ರಬ್ಬರ್ ತುಂಡಿನ ಮೇಲೆ ಓಡಿಸುತ್ತಿದ್ದೆ.

ಬಾಕ್ಸ್ ತಿರುಗಿಸಿ ಓದಿದಾಗ ಗೊತ್ತಾಯಿತು. ಅದು ಪೆಟ್ರೋಲ್ ಗಾಡಿಯ ಸ್ಪ್ರಿಂಗ್. ಡೀಸೆಲ್ ಸ್ವಿಫ್ಟ್ ಪೆಟ್ರೋಲಿಗಿಂತ ಹೆಚ್ಚುಕಡಿಮೆ 100 ಕಿಲೋ ಭಾರ, ಆ ಭಾರವೆಲ್ಲ ಬಹುಪಾಲು ಮುಂದೆ, ಎಂಜಿನ್ ಕಡೆ. ಒಂದೊಂದು ಸ್ಪ್ರಿಂಗಿಗೆ 50 ಕಿಲೋ ಹೆಚ್ಚುವರಿ ಹೊರೆ. ಮಿಲಿಮೀಟರಿಗೆ ಎರಡೂವರೆ ಕಿಲೋ ತಡೆಯುವ ಸ್ಪ್ರಿಂಗ್ ಅಂದುಕೊಂಡರೂ 20 ಮಿಮೀ ಜಾಸ್ತಿ ಕುಸಿಯುತ್ತದೆ. ನಾನು ಕೇಳಿದ್ದು 'ಸ್ವಿಫ್ಟಿಗೆ' ಎಂದಷ್ಟೇ. ತಪ್ಪು ನನ್ನದೇ.

ಆ ಸ್ಪ್ರಿಂಗ್‌ನಲ್ಲೇ ಕೆ.ಆರ್. ನಗರದ ಹತ್ತಿರದ ನಮ್ಮೂರಿಗೆ ಒಮ್ಮೆ ಹೋಗಿ ಬಂದೆ. ಶಾಲೆ ಮುಂದಿನ ಹಂಪ್ ಮೇಲೆ ಗಾಡಿಯ ಹೊಟ್ಟೆ ಉಜ್ಜಿತು. ಅಮ್ಮ ಹಿಂದಿನ ಸೀಟಿನಿಂದ, "ಏನೋ ಅದು, ಕಾರು ಕಿತ್ಕೊಂಡು ಹೋಯ್ತಾ?" ಅಂದರು. ಎಂಜಿನ್ ಆಯಿಲ್ ಇರುವ ಚೇಂಬರ್‌ಗೆ ಏನೂ ಆಗಿರಲಿಲ್ಲ, ಕೆಳಗಿನ ಗಾರ್ಡ್ ಬಗ್ಗಿತ್ತು ಅಷ್ಟೆ.

ಮನೆಗೆ ಬಂದು ಹಂಪ್‌ಗಳ ಲೆಕ್ಕ ಹಾಕುತ್ತಾ ಕೂತೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ನಿಯಮದಲ್ಲಿ ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು ಎಂದಿತ್ತು. ಅದರ ಬೆನ್ನು 17 ಮೀಟರ್ ತ್ರಿಜ್ಯದ ಕಮಾನು. ಸ್ವಿಫ್ಟ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರುವುದು 2.43 ಮೀಟರ್. ಅಂದರೆ ನಾಲ್ಕೂ ಚಕ್ರ ಒಟ್ಟಿಗೆ ಆ ಹಂಪ್ ಮೇಲೆ ನಿಲ್ಲಬಹುದು. ನಾಲ್ಕೂ ಚಕ್ರ ಕಮಾನಿನ ಮೇಲೆ ಇದ್ದಾಗ ಮಧ್ಯದಲ್ಲಿ ಹಂಪ್ ಉಬ್ಬಿರುವುದು ಬರೀ 43 ಮಿಮೀ. ಇಂಥ ಹಂಪ್ ಇಳಿಸಿದ ಗಾಡಿಗೆ ಲೆಕ್ಕವೇ ಅಲ್ಲ. ನಮ್ಮೂರಲ್ಲಿ ಇರುವುದು ಯಾರೋ ರಾತ್ರೋರಾತ್ರಿ ಹಾಕಿದ ಒಂದು ಅಡಿ ಅಗಲದ ಕಾಂಕ್ರೀಟ್ ದಿಂಡು. ಎತ್ತರ ಅದೇ 10 ಸೆಂಟಿಮೀಟರ್ ಇದ್ದರೂ ಚಕ್ರಗಳು ನೆಲದ ಮೇಲೆ, ದಿಂಡು ಹೊಟ್ಟೆಯ ಕೆಳಗೆ. ನೆಲಕ್ಕೂ ಹೊಟ್ಟೆಗೂ ನಡುವಿನ ಜಾಗದಲ್ಲಿ ಪೂರ್ತಿ 100 ಮಿಮೀ ಹೋಯಿತು. ಅದರ ಮೇಲೆ ಮುಂದಿನ ಚಕ್ರ ಇಳಿದ ರಭಸಕ್ಕೆ ಮೂತಿ ಇನ್ನಷ್ಟು ಕುಕ್ಕುತ್ತದೆ. ಕಾರು ಎಷ್ಟು ಇಳಿಸಬಹುದು ಎಂಬುದನ್ನು ನನ್ನ ಮಟ್ಟಿಗೆ ತೀರ್ಮಾನ ಮಾಡಿದ್ದು ಈ ದಿಂಡುಗಳೇ.

ಎರಡನೇ ಸಲ ಡೀಸೆಲ್‌ದೇ ಸ್ಪ್ರಿಂಗ್ ತರಿಸಿದೆ, ಜೊತೆಗೆ ಗಿಡ್ಡ ರಾಡ್‌ನ ಹೊಸ ಶಾಕ್‌ಗಳನ್ನೂ. ಇಲ್ಲಿ ದುಡ್ಡು ಉಳಿಸಬೇಡಿ. ಇಳಿಸುವ ಸ್ಪ್ರಿಂಗ್ ಗಟ್ಟಿ, ಒತ್ತಿಕೊಂಡ ಮೇಲೆ ಜೋರಾಗಿ ಹಿಂದಕ್ಕೆ ಚಿಮ್ಮುತ್ತದೆ. 78,000 ಓಡಿದ ಶಾಕ್‌ಗೆ ಅದನ್ನು ಹಿಡಿಯುವ ತಾಕತ್ತು ಇರುವುದಿಲ್ಲ, ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ.

ಹಿಂದಿನದು ಸುಲಭ. ಸ್ವಿಫ್ಟ್‌ನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಬೀಮ್ ಕೆಳಗೆ ಜಾಕಿ ಇಟ್ಟು, ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಜಾಕಿಯನ್ನು ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಪೈಪ್ ಎಳೆಯದಂತೆ ಒಬ್ಬರು ನೋಡುತ್ತಿರಬೇಕು. ಇಷ್ಟನ್ನು ನಾನೂ ತಮ್ಮನೂ ಮನೆ ಮುಂದೆಯೇ ಮಾಡಿದೆವು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಲಿಲ್ಲ. ಕಳಚಿದ ಚಕ್ರಗಳನ್ನೂ ಗಾಡಿಯ ಅಡಿಗೆ ಮಲಗಿಸಿದ್ದೆವು.

ಮುಂದಿನದನ್ನು ಮಾತ್ರ ಗ್ಯಾರೇಜಿಗೇ ಬಿಟ್ಟೆ. ಅಲ್ಲಿ ಸ್ಪ್ರಿಂಗ್ ಶಾಕ್‌ಗೆ ಸುತ್ತಿಕೊಂಡು ಒತ್ತಿ ಕೂತಿರುತ್ತದೆ, ಈ ಜೋಡಿಗೆ ಸ್ಟ್ರಟ್ ಎನ್ನುತ್ತಾರೆ. ಸ್ಪ್ರಿಂಗನ್ನು ಹಿಡಿದು ಒತ್ತುವ ಸಾಧನದಿಂದ, ಅಂದರೆ ಕಂಪ್ರೆಸರ್‌ನಿಂದ ಒತ್ತದೆ ಮೇಲಿನ ನಟ್ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ. ಎರಡು ಕೊಕ್ಕೆಯ ಕೈ ಕಂಪ್ರೆಸರ್ ಒಂದು ಬದಿಗೆ ಜಾರಿದ್ದನ್ನು ನೋಡಿದ್ದೆ, ಸಾಕಾಗಿತ್ತು. ಗೋಡೆಗೆ ಬಿಗಿದ ದೊಡ್ಡ ಕಂಪ್ರೆಸರ್ ಇರುವ ಕಡೆಯೇ ಮಾಡಿಸಿದೆ. ಸ್ಟ್ರಟ್‌ನ ಮೇಲಿನ ಮೌಂಟ್, ಬೇರಿಂಗ್ ಹಳೆಯದಾಗಿದ್ದರೆ ಆಗಲೇ ಬದಲಾಯಿಸಿ. ಮತ್ತೆ ಅದಕ್ಕೇ ಇನ್ನೊಂದು ದಿನದ ಕೂಲಿ ಕೊಡುವುದು ದಂಡ.

ಒಂದು ವಿಷಯಕ್ಕೆ ಮೆಕ್ಯಾನಿಕ್ ಜೊತೆ ಸ್ವಲ್ಪ ಹಟ ಮಾಡಬೇಕಾಯಿತು. ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಮತ್ತು ಹಿಂದಿನ ಬೀಮ್‌ನ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿ ನೆಲಕ್ಕೆ ಇಳಿದು ತನ್ನ ಹೊಸ ಎತ್ತರದಲ್ಲಿ ನಿಂತ ಮೇಲೆ ಬಿಗಿಯಬೇಕು. ಬುಷ್ ಅಂದರೆ ರಬ್ಬರ್, ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ತೂಗುವಾಗ ಬಿಗಿದರೆ, ಗಾಡಿ ನಿಂತಿರುವಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. "ಇಪ್ಪತ್ತು ವರ್ಷದಿಂದ ಹಿಂಗೇ ಟೈಟ್ ಮಾಡ್ತಿದೀನಿ ಸಾರ್" ಅಂದರು. ಕೊನೆಗೆ ಗೊಣಗುತ್ತಾ ಪಿಟ್ ಒಳಗೆ ಇಳಿದು ಬಿಗಿದು ಕೊಟ್ಟರು. ಅವತ್ತು ಕಾಫಿ ಖರ್ಚು ನನ್ನದು.

ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ವಿಷಯದಲ್ಲೂ ಮೊದಲ ಸಲ ಏಟು ತಿಂದಿದ್ದೆ. 'ಆಮೇಲೆ ಮಾಡಿಸಿದರಾಯ್ತು' ಎಂದು 800 ಕಿಲೋಮೀಟರ್ ಓಡಿಸಿದ್ದಕ್ಕೆ ಮುಂದಿನ ಟೈರ್‌ಗಳ ಒಳ ಅಂಚು ಗರಗಸದ ಹಲ್ಲಿನಂತಾಗಿತ್ತು. ಗಾಡಿ ಇಳಿದಾಗ ಲೋವರ್ ಆರ್ಮ್‌ನ ಕೋನ ಬದಲಾಗುತ್ತದೆ, ಸ್ಟೀರಿಂಗ್ ರಾಡ್‌ನ ಕೋನವೂ ಬದಲಾಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಅಲ್ಲ. ಹಾಗಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪುತ್ತದೆ. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಕೂಡ ಬದಲಾಗಿ ಚಕ್ರದ ಮೇಲ್ತುದಿ ಸ್ವಲ್ಪ ಒಳಕ್ಕೆ ವಾಲುತ್ತದೆ, ನನ್ನದು ಮೈನಸ್ 1 ಡಿಗ್ರಿಯ ಆಸುಪಾಸು ಬಂತು. ಎಲ್ಲರೂ ಕ್ಯಾಂಬರ್‌ಗೆ ಹೆದರುತ್ತಾರೆ, ಟೈರನ್ನು ಹೆಚ್ಚು ತಿನ್ನುವುದು ಮಾತ್ರ ಟೋ. ಈ ಸಲ ಗ್ಯಾರೇಜಿನಿಂದ ಸೀದಾ ಅಲೈನ್‌ಮೆಂಟ್‌ಗೆ ಹೋದೆ. ಸ್ಪ್ರಿಂಗ್ ಕೂತ ಮೇಲೆ, 500 ಕಿಲೋಮೀಟರ್‌ಗೆ ಇನ್ನೊಂದು ಸಲ. ಹೆಡ್‌ಲೈಟ್‌ನ ಬೆಳಕು ಎಲ್ಲಿ ಬೀಳುತ್ತದೆ ಎಂದು ಮೊದಲೇ ಕಾಂಪೌಂಡ್ ಗೋಡೆಗೆ ಟೇಪ್ ಅಂಟಿಸಿ ಗುರುತು ಮಾಡಿದ್ದೆ, ಅದನ್ನೂ ಸರಿ ಮಾಡಿಕೊಂಡೆ.

ಈಗ ಮುಂದೆ 352, ಹಿಂದೆ 361. ಅಂದರೆ ಮುಂದೆ 36, ಹಿಂದೆ 31 ಮಿಮೀ ಇಳಿದಿದೆ. ಮುಂದೆ ರಾಡ್ ಉಳಿದಿರುವುದು 33 ಮಿಮೀ. ಹಿಂದೆ ಭಾರ ಬಿದ್ದರೆ ಹೇಗೆ ಎಂದು ನೋಡಲು ಡಿಕ್ಕಿಯಲ್ಲಿ 50 ಕಿಲೋದ ಎರಡು ಅಕ್ಕಿ ಮೂಟೆ, ಹಿಂದಿನ ಸೀಟಿನಲ್ಲಿ ಸೋದರಮಾವನ ಮೂವರು ಮಕ್ಕಳನ್ನು ಕೂರಿಸಿ ನಮ್ಮೂರ ದಿಂಡುಗಳನ್ನು ದಾಟಿಸಿದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿದರೆ ತಾಗುವುದಿಲ್ಲ. ನೇರ ಹೋದರೆ ಒಂದು ಕಡೆ ಗಾರ್ಡ್ ಮೆಲ್ಲಗೆ ಸವರುತ್ತದೆ.

ಬೆಟ್ಟದ ತಿರುವಿನಲ್ಲಿ ವಾಲಾಟ ಕಡಿಮೆಯಾಗಿದೆ, ಬೆಂಗಳೂರು ಹೆದ್ದಾರಿಯಲ್ಲಿ ಗಾಡಿ ಅಂಟಿಕೊಂಡ ಹಾಗೆ ಹೋಗುತ್ತದೆ. ಸಣ್ಣ ಗುಂಡಿಗಳು ಮಾತ್ರ ಮೊದಲಿಗಿಂತ ಚೆನ್ನಾಗಿ ಗೊತ್ತಾಗುತ್ತವೆ. ಅಮ್ಮನಿಗೆ ಮಂಡಿನೋವು, ಸೀಟು ತಗ್ಗಾಗಿದ್ದಕ್ಕೆ ಇಳಿಯುವಾಗ ಪ್ರತಿ ಸಲ ನನಗೊಂದು ಬೈಗುಳ. ಹಳೆಯ ಸ್ಪ್ರಿಂಗ್‌ಗಳಿಗೆ ಗ್ರೀಸ್ ಸವರಿ, ಗೋಣಿಚೀಲದಲ್ಲಿ ಸುತ್ತಿ, 'ಮುಂದೆ ಎಡ', 'ಮುಂದೆ ಬಲ' ಎಂದು ಚೀಟಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ.