ಬಚ್ಚಲಮನೆಯಲ್ಲಿ ಫಿಲಂ ತೊಳೆಯುವುದು

ನನ್ನ ಬ್ಯಾಗಿನಲ್ಲಿ ಎರಡು ನಿಕಾನ್ ಕ್ಯಾಮೆರಾ ಇರುತ್ತವೆ. ಒಂದು ಫಿಲಂ ಹಾಕುವ ಹಳೆಯ ಎಫ್‌ಎಂ2, ಇನ್ನೊಂದು ಡಿಜಿಟಲ್ ಡಿ750. 50 ಎಂಎಂ ಲೆನ್ಸ್ ಒಂದೇ, ಎರಡಕ್ಕೂ ಕೂರುತ್ತದೆ. ಬಣ್ಣಕ್ಕೆ ಡಿಜಿಟಲ್. ಕಪ್ಪುಬಿಳುಪಿಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲಂ ರೋಲ್.

ಎರಡನ್ನೂ ಒಟ್ಟಿಗೆ ಹಿಡಿದರೆ ಬೆಳಕು ಅಳೆಯುವ ರೀತಿಯನ್ನೇ ಬದಲಿಸಬೇಕಾಗುತ್ತದೆ. ಡಿಜಿಟಲ್‌ನಲ್ಲಿ ಬೆಳ್ಳಗಿನ ಭಾಗ ಸುಟ್ಟುಹೋದರೆ ವಾಪಸ್ ಬರುವುದಿಲ್ಲ. ನೆಗೆಟಿವ್ ಅದಕ್ಕೆ ಉಲ್ಟಾ. ನೆರಳಿಗೆ ಬೆಳಕು ಸಾಲದಿದ್ದರೆ ಅಲ್ಲಿ ಬರೀ ಖಾಲಿ ಫಿಲಂ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅಂಗಡಿಯೊಳಗೆ ಕತ್ತಲು, ಹೊರಗೆ ಬಿಳಿ ಪಂಚೆಯ ಮೇಲೆ ಬಿಸಿಲು. ಡಿಜಿಟಲ್‌ನಲ್ಲಿ ಆ ಪಂಚೆ ಉಳಿಯುವ ಹಾಗೆ ನೋಡಿಕೊಳ್ಳುತ್ತೇನೆ. ಎಫ್‌ಎಂ2ನಲ್ಲಿ ನೆರಳನ್ನು ಅಳೆದು, ಅಲ್ಲಿಂದ ಎರಡು ಸ್ಟಾಪ್ ಕಡಿಮೆ ಮಾಡುತ್ತೇನೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ).

ಡೆವಲಪ್ ಮಾಡಲು ಕತ್ತಲೆ ಕೋಣೆ ಬೇಕಿಲ್ಲ. ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗಿನೊಳಗೆ ಕೈ ಹಾಕಿ ಫಿಲಂ ಅನ್ನು ರೀಲಿಗೆ ಸುತ್ತಿ, ಬೆಳಕು ಹೋಗದ ಡೆವಲಪಿಂಗ್ ಟ್ಯಾಂಕಿನಲ್ಲಿಟ್ಟು ಮುಚ್ಚಳ ಹಾಕಿದರೆ ಆಯಿತು. ಉಳಿದದ್ದೆಲ್ಲ ಬಚ್ಚಲಮನೆಯ ಬೆಳಕಿನಲ್ಲೇ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಕೊಡಾಕ್ ಡಿ-76. ಅದಕ್ಕೆ ಅಷ್ಟೇ ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. ನಮ್ಮಲ್ಲಿ ಕಷ್ಟ ಇರುವುದು ಆ 20 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಮಹಡಿ ಟ್ಯಾಂಕಿನ ನೀರು ಕೈಗೇ ಬೆಚ್ಚಗೆ ತಾಗುತ್ತದೆ, ಅಲ್ವಾ? ಬೆಚ್ಚಗಾದಷ್ಟೂ ಡೆವಲಪರ್ ಬೇಗ ಕೆಲಸ ಮಾಡುತ್ತದೆ. ಸಮಯ ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಚಿತ್ರ ಫಿಲಂ ಮೇಲೆ ಒಂದೇ ಸಮನೆ ಬರುವುದಿಲ್ಲ. ಅದಕ್ಕೇ ಡೆವಲಪರ್, ಚಿತ್ರವನ್ನು ಗಟ್ಟಿ ಉಳಿಸುವ ಫಿಕ್ಸರ್, ತೊಳೆಯುವ ನೀರು ಎಲ್ಲದರ ಪಾತ್ರೆಗಳನ್ನೂ ಐಸ್ ಹಾಕಿದ ಒಂದೇ ಬಕೆಟ್‌ನಲ್ಲಿ ಇಡುತ್ತೇನೆ. ಥರ್ಮಾಮೀಟರ್ 20 ತೋರಿಸುವವರೆಗೆ ಸುಮ್ನೆ ಕಾಯುವುದು. ಈ ಕೆಲಸದಲ್ಲಿ ಅತಿ ಮುಖ್ಯವಾದ ತಾಳ್ಮೆ ಅಂದರೆ ಇದೇ ಎಂದು ನನ್ನ ಅಭಿಪ್ರಾಯ.

ಟ್ಯಾಂಕಿಗೆ ಡೆವಲಪರ್ ಸುರಿದ ಮೇಲೆ ಮೊದಲ 10 ಸೆಕೆಂಡು, ಆಮೇಲೆ ಪ್ರತಿ ನಿಮಿಷಕ್ಕೆ 10 ಸೆಕೆಂಡು ಮೆಲ್ಲಗೆ ತಲೆಕೆಳಗು ಮಾಡುವುದು. ರೀಲಿಗೆ ಸುತ್ತುವಾಗ ಕತ್ತರಿಸಿದ ತುದಿಯನ್ನು ಎಸೆಯಬೇಡಿ. ಅದನ್ನು ಫಿಕ್ಸರ್‌ಗೆ ಹಾಕಿ, ಎಷ್ಟು ಹೊತ್ತಿಗೆ ಪಾರದರ್ಶಕ ಆಗುತ್ತದೆ ನೋಡಿ. ಅದರ ಎರಡರಷ್ಟು ಹೊತ್ತು ಫಿಲಂ ಫಿಕ್ಸರ್‌ನಲ್ಲಿರಬೇಕು.

ತೊಳೆಯಲು ನಲ್ಲಿ ಬಿಟ್ಟು ನೀರು ಹಾಳು ಮಾಡುವುದಿಲ್ಲ. ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ. ಹೊಸ ನೀರಲ್ಲಿ ಹತ್ತು ಸಲ, ಮತ್ತೆ ಹೊಸದರಲ್ಲಿ ಇಪ್ಪತ್ತು ಸಲ. ಇಲ್ಫರ್ಡ್‌ನವರೇ ಹೇಳುವ ಕ್ರಮ ಇದು. ಕೊನೆಯ ನೀರು ಮಾತ್ರ ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರಿನ ಸುಣ್ಣದ ಕಲೆ ಆಕಾಶದ ಭಾಗದಲ್ಲಿ ಎದ್ದು ಕಾಣುತ್ತದೆ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ, ಗಿಡಕ್ಕಂತೂ ಸುರಿಯಬಾರದು. ಕ್ಯಾನಿನಲ್ಲಿ ಕೂಡಿಡುತ್ತೇನೆ.

ಒಣಗಿದ ನೆಗೆಟಿವ್ ಅನ್ನು ಎಲ್‌ಇಡಿ ಪ್ಯಾನೆಲ್ ಮೇಲಿಟ್ಟು, ಮ್ಯಾಕ್ರೋ ಲೆನ್ಸ್ ಹಾಕಿದ ಡಿ750ಯಲ್ಲೇ ತೆಗೆಯುತ್ತೇನೆ. ಕಂಪ್ಯೂಟರಿನಲ್ಲಿ ಕಪ್ಪುಬಿಳುಪನ್ನು ಅದಲುಬದಲು ಮಾಡಿದಾಗ ನಾನು ಮೊದಲು ನೋಡುವುದು ಅಂಗಡಿಯೊಳಗಿನ ನೆರಳನ್ನೇ. ತಕ್ಕಡಿ, ಮೂಟೆ, ಹಿಂದಿನ ಗೋಡೆ ಬಿಡಿಬಿಡಿಯಾಗಿ ಕಂಡರೆ ಅಳತೆ ಸರಿಯಾಗಿತ್ತು.