ಅಪ್ಪನ ತಟ್ಟೆಯಿಂದ ಬಸ್ಸಾರು ತೆಗೆದಿದ್ದು

ನಮ್ಮದು ಮಂಡ್ಯ ಕಡೆಯ ಮನೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ, ಅದರಲ್ಲೇ ಬಸ್ಸಾರು ಮಾಡುತ್ತೇವೆ. ರುಚಿಯೆಲ್ಲ ಅದರಲ್ಲೇ ಅಲ್ವಾ?

ಅಪ್ಪನ ಕಿಡ್ನಿ ಕಾಯಿಲೆ ನಾಲ್ಕನೇ ಹಂತಕ್ಕೆ ಬಂದಾಗ ಉಪ್ಪು ಕಡಿಮೆ ಮಾಡಿದೆ. ಎಳನೀರು, ಬಾಳೆಹಣ್ಣು ನಿಲ್ಲಿಸಿದೆ. ಆದರೂ ರಕ್ತದಲ್ಲಿ ಪೊಟ್ಯಾಸಿಯಂ 5.9 ಬಂತು. ಅದು ಇನ್ನೂ ಏರಿದರೆ ಹೃದಯದ ಬಡಿತವೇ ತಪ್ಪಬಹುದು ಎಂದು ಡಾಕ್ಟರು ಹೇಳಿದಾಗ ನನಗೆ ಕೈಕಾಲು ಆಡಲಿಲ್ಲ. ಡಯಟಿಷಿಯನ್ ಮೂರು ದಿನದ ಊಟ ಬರೆದು ತರಲು ಹೇಳಿದರು. ಓದುತ್ತಾ ಬಸ್ಸಾರಿನ ಹತ್ತಿರ ನಿಂತರು. ಕುದಿಯುವಾಗ ಸೊಪ್ಪು, ಕಾಳಿನ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ನಾನು ಪಲ್ಯ ಒಂದು ಚೂರು ಬಡಿಸಿ, ಆ ನೀರನ್ನೇ ಎರಡೆರಡು ಸೌಟು ಹಾಕುತ್ತಿದ್ದೆ.

ಅಂದಿನಿಂದ ಅಪ್ಪನ ತರಕಾರಿಗೆ ಬೇರೆ ಪಾತ್ರೆ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತೊಳೆದು, ಜಾಸ್ತಿ ನೀರಿನಲ್ಲಿ ಕುದಿಸಿ, ಆ ನೀರು ಬಸಿದು ಚೆಲ್ಲುತ್ತೇನೆ. ಆಲೂಗಡ್ಡೆಯಾದರೆ ನೀರು ಬದಲಿಸಿ ಇನ್ನೊಮ್ಮೆ. ಸುಮ್ನೆ ನೆನೆಸಿಟ್ಟರೆ ಸಾಲದು. ಕುಕ್ಕರಿನಲ್ಲಿ ಸ್ವಲ್ಪ ನೀರು ಹಾಕಿ ಬೇಯಿಸಿ, ಅದರಲ್ಲೇ ಸಾರು ಮಾಡಿದರೆ ಏನೂ ಪ್ರಯೋಜನವಿಲ್ಲ. ಹೀಗೆ ಬಸಿದರೂ ಎಲ್ಲ ಹೋಗುವುದಿಲ್ಲ, ಹಾಗಾಗಿ ಅಳತೆ ಬಿಡಲಿಲ್ಲ. ಪ್ರೋಟೀನಿಗೂ ಮಿತಿಯಿತ್ತು. ಅಪ್ಪನ ತೂಕ 60 ಕೆಜಿ. ದಿನಕ್ಕೆ 40 ಗ್ರಾಂ ಪ್ರೋಟೀನ್ ಎಂದು ಗೊತ್ತುಮಾಡಿದ್ದರು. ಕಾಳು, ಮೊಸರು, ಮೊಟ್ಟೆ ಎಲ್ಲ ಅದರೊಳಗೇ. ಡಯಾಲಿಸಿಸ್ ಮಾಡಿಸುವವರಿಗೆ ಇದಕ್ಕಿಂತ ಜಾಸ್ತಿ ಪ್ರೋಟೀನ್ ಬೇಕು, ಈ ಲೆಕ್ಕ ಅವರಿಗಲ್ಲ.

ಉಪ್ಪಿನದೇ ದೊಡ್ಡ ಜಗಳ. "ಸಪ್ಪೆ ಹೆಂಗವ್ವ ಉಣ್ಣೋದು?" ಎಂದು ಅಪ್ಪ ತಟ್ಟೆ ಸರಿಸಿಬಿಡುತ್ತಿದ್ದರು. ನೋಡಲಾರದೆ ಸಂಬಂಧಿಕರೊಬ್ಬರು 'ಕಡಿಮೆ ಸೋಡಿಯಂ ಉಪ್ಪು' ತಂದುಕೊಟ್ಟರು. ಪ್ಯಾಕೆಟ್ ಹಿಂಬದಿ ಓದಿದರೆ ಪೊಟ್ಯಾಸಿಯಂ ಕ್ಲೋರೈಡ್! ಅಪ್ಪನಂಥವರಿಗೆ ಅದು ಮಾಮೂಲಿ ಉಪ್ಪಿಗಿಂತ ಅಪಾಯ. ದಯವಿಟ್ಟು ಪ್ಯಾಕೆಟ್ ತಿರುಗಿಸಿ ಓದಿ. ಕೊನೆಗೆ ಬೆಳಿಗ್ಗೆಯೇ ಅವರ ದಿನದ ಉಪ್ಪು ಅಳೆದು ಸಣ್ಣ ಡಬ್ಬಿಗೆ ಹಾಕಿಟ್ಟೆ, ಒಂದು ಟೀ ಚಮಚಕ್ಕಿಂತ ಕಡಿಮೆ. ಅಡುಗೆ ಸಪ್ಪೆಯಾಗಿಯೇ ಮಾಡಿ, ಊಟಕ್ಕೆ ಕೂತಾಗ ಅದರಿಂದ ಮೇಲೆ ಉದುರಿಸುತ್ತೇನೆ. ನಾಲಿಗೆಗೆ ಮೊದಲು ಉಪ್ಪೇ ಸಿಗುತ್ತದೆ. ಬೆಳ್ಳುಳ್ಳಿ ಒಗ್ಗರಣೆ, ಮೆಣಸು, ನಾಲ್ಕು ಹನಿ ನಿಂಬೆರಸ ಸೇರಿದರೆ ಜಗಳವಿಲ್ಲ. ಉಪ್ಪಿನಕಾಯಿ, ಹಪ್ಪಳ ಮನೆಗೇ ತರುವುದಿಲ್ಲ.

ಎರಡು ತಿಂಗಳ ಮೇಲೆ ಪೊಟ್ಯಾಸಿಯಂ 4.8ಕ್ಕೆ ಇಳಿಯಿತು. ಅನ್ನಕ್ಕಿಂತ ಮುದ್ದೆಯಲ್ಲಿ ಪೊಟ್ಯಾಸಿಯಂ ಜಾಸ್ತಿ ಎಂದು ಅದನ್ನೂ ಬಿಡಿಸಿದ್ದೆ. ಕೇಳಿದಾಗ, ವಾರಕ್ಕೊಂದು ಸಣ್ಣ ಮುದ್ದೆ ಕೊಡಬಹುದು ಎಂದರು ಡಯಟಿಷಿಯನ್. ಅಪ್ಪ ಭಾನುವಾರ ಮಧ್ಯಾಹ್ನ ಎಂದು ತಾವೇ ಗೊತ್ತುಮಾಡಿಕೊಂಡಿದ್ದಾರೆ.