ಮಳೆಯ ರಜೆಯಲ್ಲಿ ಮನೆಮಂದಿಯೊಂದಿಗೆ ನೆಲದಡಿಯ ಗುಹೆಗೆ: ನನ್ನ ಅನುಭವ

ಮಳೆ ಹಿಡಿದಿರುವಾಗ ಚಿಕ್ಕ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಗುಹೆಗೆ ಇಳಿಯುವ ಮಾತೇ ಬೇಡ ಎಂದು ಗುಹೆ ಸುತ್ತುವ ಗೆಳೆಯರೆಲ್ಲ ಹೇಳುತ್ತಿದ್ದರು. ಇಳಿಯಬಹುದು. ಇಳಿದಿದ್ದೇವೆ, ಅಜ್ಜಿಯಿಂದ ಮೊಮ್ಮಗುವರೆಗೆ ಎಲ್ಲರೂ ನಗುತ್ತಾ ಹೊರಬಂದಿದ್ದೇವೆ. ಮಳೆ ಬರುತ್ತಿದೆಯೇ ಎಂದಷ್ಟೇ ಕೇಳಿದರೆ ಸಾಲದು. ಬಿದ್ದ ನೀರು ಯಾವ ದಾರಿಯಲ್ಲಿ ಒಳಗೆ ಬರುತ್ತದೆ ಎಂಬುದು ಗೊತ್ತಿರಬೇಕು.

ತೊರೆ ಹರಿಯುವ ಗುಹೆಯನ್ನು ಮಳೆಗಾಲಕ್ಕೆ ಪೂರ್ತಿ ಬಿಟ್ಟುಬಿಡಿ. ಗುಹೆಯ ಬಾಯಲ್ಲಿ ಬಿಸಿಲಿದ್ದರೂ ಎಲ್ಲೋ ಮೇಲಿನ ಗುಡ್ಡಕ್ಕೆ ಬಿದ್ದ ಮಳೆ ಒಳಗೆ ನುಗ್ಗಬಹುದು. 2018ರ ಜೂನ್‌ನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರೂ ಅವರ ಫುಟ್‌ಬಾಲ್ ಕೋಚೂ ಸಿಕ್ಕಿಬಿದ್ದದ್ದು ಹೀಗೇ: ನಡೆದುಹೋದ ದಾರಿಯನ್ನೇ ನೀರು ಹಿಂದಿನಿಂದ ಮುಚ್ಚಿತು.

ನಾನು ಆರಿಸುವುದು ಎರಡೇ ಬಗೆ. ತೊರೆ ಕೆಳಗಿನ ಮಟ್ಟಕ್ಕೆ ಇಳಿದುಹೋಗಿ ಒಣಗಿ ನಿಂತ ಮೇಲಿನ ಸುರಂಗ, ಇಲ್ಲವೇ ಮೆಟ್ಟಿಲು, ಕಂಬಿ, ದೀಪ ಇರುವ ಪ್ರವಾಸಿ ಗುಹೆ. 'ಇಲ್ಲಿ ನೀರು ಬರಲ್ಲ' ಎಂದು ಯಾರೇ ಹೇಳಲಿ, ಗೋಡೆ ನೋಡದೆ ಮುಂದೆ ಹೋಗುವುದಿಲ್ಲ. ತಲೆಯೆತ್ತರದ ಸಂದಿಯಲ್ಲಿ ಎಲೆ, ಹುಲ್ಲುಕಡ್ಡಿ ಸಿಕ್ಕಿಕೊಂಡಿದ್ದರೆ, ಹೊಸ ಕೆಸರಿನ ಗೆರೆ ಇದ್ದರೆ, ಅಲ್ಲಿಂದಲೇ ವಾಪಸ್. ಒಳಗಿರುವಾಗ ನೀರು ಕದಡಿದರೂ, ಸದ್ದು ಬದಲಾದರೂ ಅಷ್ಟೇ; ಚರ್ಚೆಗೆ ನಿಲ್ಲಬಾರದು. ತಲೆ ಭಾರವಾಗಿ ಸುಮ್ಮನೆ ಏದುಸಿರು ಬಂದರೆ ಗಾಳಿ ಕೆಟ್ಟಿದೆ ಎಂದರ್ಥ, ಆಗಲೂ ಹೊರಡಿ.

ಇನ್ನು ದುಡ್ಡಿನ ವಿಚಾರ. ದುಬಾರಿ ರೇನ್‌ಕೋಟಿಗೆ ಹಾಕಿದ್ದು ದಂಡ. ಒಳಗೆ ತೇವಾಂಶ ಶೇಕಡಾ ನೂರರ ಹತ್ತಿರ ಇರುತ್ತದೆ, ಬೆವರು ಆರದೆ ಕೋಟಿನೊಳಗೇ ನೆನೆಯುತ್ತೀರಿ, ಮೇಲಾಗಿ ಕಲ್ಲಿಗೆ ಉಜ್ಜಿ ಮೊಣಕೈ ಹರಿಯುತ್ತದೆ. ಗುಹೆಯ ಬಾಯಲ್ಲೇ ಬಿಚ್ಚಿಡಿ. ಜೀನ್ಸ್ ಒಮ್ಮೆ ನೆಂದರೆ ದಿನವಿಡೀ ತಣ್ಣಗೆ ಅಂಟಿಕೊಳ್ಳುತ್ತದೆ, ಬೇಗ ಒಣಗುವ ಸಿಂಥೆಟಿಕ್ ಬಟ್ಟೆಯೇ ಸರಿ. ನನ್ನ ಖರ್ಚಿನ ಸುಮಾರು ಅರ್ಧ ಬೆಳಕಿಗೆ, ಕಾಲು ಭಾಗ ಅಟ್ಟೆಯ ಹಲ್ಲು ಚೆನ್ನಾಗಿರುವ ಬೂಟಿಗೆ, ಉಳಿದದ್ದು ಹೆಲ್ಮೆಟ್ಟಿಗೆ. ತಲೆಗೊಂದು ಹೆಡ್‌ಲ್ಯಾಂಪ್, ಜೊತೆಗೆ ಬೇರೆ ಎರಡು ದೀಪ. 200 ಲ್ಯುಮೆನ್ (ದೀಪದ ಬೆಳಕಿನ ಅಳತೆ) ಧಾರಾಳ. ಪ್ರವಾಸಿ ಗುಹೆಗೂ ಇದು ಬೇಕು, ಗುಡುಗಿಗೆ ಕರೆಂಟ್ ಹೋಗುವುದು ಅಲ್ಲೂ ತಪ್ಪಿದ್ದಲ್ಲ.

ಮಕ್ಕಳು ಚಾವಣಿ ನೋಡಲು ತಲೆ ಎತ್ತಿದಾಗ ಹೆಡ್‌ಲ್ಯಾಂಪಿನ ಪಟ್ಟಿ ಹಿಂದಕ್ಕೆ ಜಾರಿ ಬೀಳುತ್ತದೆ. ಕೊಕ್ಕೆ, ಅಂಟು, ಟೇಪು ಎಲ್ಲ ಕೆಸರಿಗೆ ಕೈಕೊಟ್ಟವು. ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲ ಕತ್ತರಿಸಿ ಹೆಲ್ಮೆಟ್ಟಿಗೆ ಬಿಗಿದದ್ದು ಮಾತ್ರ ನಿಂತಿತು. ತಣ್ಣನೆಯ ಗುಹೆಯಲ್ಲಿ ಉಸಿರಿನ ಹಬೆ ದೀಪದ ಮುಂದೆ ಬಿಳಿ ಪರದೆ ಕಟ್ಟುತ್ತದೆ. ದೀಪವನ್ನು ಕೈಗೆ ತೆಗೆದುಕೊಂಡು ಸೊಂಟದ ಮಟ್ಟಕ್ಕೆ ಇಳಿಸಿದರೆ ದಾರಿ ಸ್ಪಷ್ಟ. ಬಿಸಿ ಗುಹೆಯಾದರೆ ಎ.ಸಿ. ಕಾರಿನಿಂದ ಇಳಿದ ಕೂಡಲೇ ಕನ್ನಡಕ, ಕ್ಯಾಮೆರಾ ಮಂಜಾಗುತ್ತವೆ. ಪ್ರಯಾಣದ ಕೊನೆಯ ಅರ್ಧ ಗಂಟೆ ಎ.ಸಿ. ಆರಿಸಿ.

ಸಾಲು ಹೀಗೆ: ದಾರಿ ಬಲ್ಲವರು ಮೊದಲು, ಎಲ್ಲರಿಗಿಂತ ನಿಧಾನ ನಡೆಯುವವರು ಎರಡನೆಯವರು, ಕೊನೆಗೆ ಇನ್ನೊಬ್ಬ ದೊಡ್ಡವರು. ನಿಧಾನದವರನ್ನು ಹಿಂದೆ ಹಾಕಿದರೆ ಸಾಲು ತುಂಡಾಗುತ್ತದೆ. ಪ್ರತಿ ಕವಲಿನಲ್ಲೂ ತಲೆ ಎಣಿಸಿ, ಒಮ್ಮೆ ತಿರುಗಿ ನಿಂತು ನೋಡಿ. ಮರಳುವಾಗ ಅದೇ ಜಾಗ ಬೇರೆಯೇ ಕಾಣುತ್ತದೆ. ಒಂದೂವರೆ ಗಂಟೆ ಮೀರಿದರೆ ಮಕ್ಕಳು ಹಠ ಹಿಡಿಯುತ್ತಾರೆ. ಕೊನೆಯ ಕಾಲು ಗಂಟೆ ಅವರೇ ಓಡೋಡಿ ಬರುವಂತೆ ಮಾಡುವ ಉಪಾಯ ಒಂದಿದೆ, ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಷ್ಟು ಹೊತ್ತಿಗೆ ಬರುತ್ತೇವೆ, ಬಾರದಿದ್ದರೆ ಎಷ್ಟು ಹೊತ್ತಿಗೆ ಸಹಾಯ ಕರೆಯಬೇಕು ಎಂದು ಹೊರಗಿನವರೊಬ್ಬರಿಗೆ ಹೇಳಿಯೇ ಇಳಿಯಬೇಕು.

ಮಕ್ಕಳಿಗೆ ಹಿಡಿಸಿದ ಒಂದು ಪ್ರಯೋಗ: ಚಾವಣಿಯಿಂದ ತೊಟ್ಟಿಕ್ಕುವ ಹನಿಗಳನ್ನು ನಿಮಿಷಕ್ಕೆ ಎಷ್ಟು ಎಂದು ಎಣಿಸುವುದು. ಕೆಲವು ಹನಿ ಮಳೆಯಾದ ಕೆಲವೇ ಗಂಟೆಗಳಲ್ಲಿ ಜೋರಾಗುತ್ತವೆ, ಕೆಲವಕ್ಕೆ ದಿನಗಳೇ ಬೇಕು. ಮೇಲಿನ ಕಲ್ಲಿನ ದಪ್ಪ, ಬಿರುಕು ಅಲ್ಲೇ ಗೊತ್ತಾಗುತ್ತದೆ. ಆ ಹನಿ ಕಟ್ಟಿದ, ಚಾವಣಿಯಿಂದ ಇಳಿಬಿದ್ದಿರುವ ತೂಗುಗಲ್ಲನ್ನು ಮುಟ್ಟಲು ಮಾತ್ರ ಬಿಡಬೇಡಿ. ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಸುಮಾರು ಹತ್ತನೇ ಒಂದು ಪಾಲಷ್ಟೇ ಬೆಳೆಯುತ್ತದೆ, ಕೈಯ ಜಿಡ್ಡು ತಗುಲಿದರೆ ಅದೂ ನಿಲ್ಲಬಹುದು.

ಬಾವಲಿಯ ಹಿಕ್ಕೆ ಒಣಗಿ ಧೂಳೇಳುವ ಕೋಣೆಗೆ ಮಕ್ಕಳನ್ನು ಒಯ್ಯುವುದಿಲ್ಲ, ಶ್ವಾಸಕೋಶಕ್ಕೆ ಶಿಲೀಂಧ್ರ ಸೇರುವ ಅಪಾಯವಿದೆ. ಬಾವಲಿಗಳಿಗೂ ನಮ್ಮಿಂದ ಅಪಾಯ: 2006ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ, ಬಾವಲಿಗಳನ್ನು ಕೊಲ್ಲುವ ಬಿಳಿಮೂಗಿನ ರೋಗದ ಶಿಲೀಂಧ್ರ ಬಟ್ಟೆ, ಬೂಟಿಗೆ ಅಂಟಿಕೊಂಡು ಇನ್ನೊಂದು ಗುಹೆ ಸೇರಬಲ್ಲದು. ಹೊರಬಂದು ಅವುಗಳ ಕೆಸರು ಪೂರ್ತಿ ತೊಳೆದ ಮೇಲೆ 55 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಕೆಸರು ಮೆತ್ತಿದಂತೆಯೇ ಮುಳುಗಿಸಿದರೆ ಬಿಸಿ ಒಳಗೆ ತಾಗುವುದಿಲ್ಲ.